ಮೈನಸ್ ಐದು ಆಂಪಿಯರ್

ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವರಿಗೆ, ಡಿಪ್ಲೊಮಾ ಓದಿದವರಿಗೆ, ಎಂಜಿನಿಯರಿಂಗ್‌ನ ಮೊದಲ ವರ್ಷವನ್ನು ಹೇಗೋ ದಾಟಿದವರಿಗೆ ಕಿರ್ಚಾಫ್ ಎಂಬ ಹೆಸರು ಮರೆತಿರುವುದಿಲ್ಲ. ಆತ ಹೇಳಿದ್ದೇನು ಎಂದು ಕೇಳಿದರೆ ಮಾತ್ರ ಮಾತು ಬೇರೆ ಕಡೆ ಹೊರಳುತ್ತದೆ. ಪುಣೆಯಲ್ಲಿ ನನಗೆ ಪರಿಚಯವಿರುವ ಕನ್ನಡಿಗರಲ್ಲಿ ಬಹಳ ಮಂದಿ ನನ್ನಂತೆಯೇ ಎಲೆಕ್ಟ್ರಾನಿಕ್ಸ್ ಓದಿ ಸಾಫ್ಟ್‌ವೇರಿಗೆ ಬಂದವರು. ಸರ್ಕ್ಯೂಟ್ ಬಿಡಿಸುವ ವಿದ್ಯೆಯನ್ನು ಪರೀಕ್ಷೆಯ ಹಾಲಿನಲ್ಲೇ ಬಿಟ್ಟು ಬಂದವರು. ನಾನು ಎಂ.ಟೆಕ್. ಓದುವಾಗ ಎರಡು ಸೆಮಿಸ್ಟರ್ ಕಿರಿಯರಿಗೆ ಲ್ಯಾಬ್ ತೆಗೆದುಕೊಂಡಿದ್ದೆ, ಹಾಗಾಗಿ ಸ್ವಲ್ಪ ಹೆಚ್ಚು ನೆನಪಿತ್ತು, ಅಷ್ಟೇ. ಆ ನೆನಪು ಸುಮಾರು 15 ವರ್ಷ ಯಾವ ಉಪಯೋಗಕ್ಕೂ ಬಂದಿರಲಿಲ್ಲ. ಹೋದ ಬೇಸಿಗೆಯಲ್ಲಿ ಬಂತು.

ಬೈಲಹೊಂಗಲದಿಂದ ಅಕ್ಕನ ಫೋನು. ಅವಳ ಮಗ ಡಿಪ್ಲೊಮಾ ಎಲೆಕ್ಟ್ರಿಕಲ್ ಓದುತ್ತಿದ್ದಾನೆ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಗಣಿತದಲ್ಲಿ ಚೆನ್ನಾಗಿಯೇ ಇದ್ದ. ಡಿಪ್ಲೊಮಾಕ್ಕೆ ಹೋದ ಮೇಲೆ ಸರ್ಕ್ಯೂಟಿನ ವಿಷಯ ಒಂದರಲ್ಲೇ ಎರಡು ಸಲ ಬ್ಯಾಕ್ ಉಳಿಯಿತು. ಮೂರನೆಯ ಸಲವೂ ಉಳಿದರೆ ವರ್ಷ ಹೋಗುತ್ತದೆ. ವರ್ಷ ಹೋದರೆ ಓದು ಬಿಟ್ಟು ಅಪ್ಪನ ಅಂಗಡಿಯಲ್ಲೇ ಕೂರುತ್ತೇನೆ ಎಂದು ಹುಡುಗ ಹೇಳಿಬಿಟ್ಟಿದ್ದಾನೆ. ಭಾವನದು ಟ್ರ್ಯಾಕ್ಟರ್, ಟಂಟಂ, ಜೀಪುಗಳ ಆಟೊ ಎಲೆಕ್ಟ್ರಿಕ್ ಅಂಗಡಿ. ಸೆಲ್ಫು, ಡೈನಮೊ, ಬ್ಯಾಟರಿ, ವೈರಿಂಗ್. ಅಂಗಡಿಯಲ್ಲಿ ಕೂರುವುದೇನೂ ಕೀಳಲ್ಲ, ಭಾವ ಅದರಲ್ಲೇ ಮನೆ ಕಟ್ಟಿದವರು. ಆದರೆ ಸೋತು ಬಂದು ಕೂರಬಾರದು ಅನ್ನುವುದು ಅಕ್ಕನ ಸಂಕಟ. "ನಿನ್ನ ಹತ್ರ ಹದಿನೈದು ದಿನ ಇಟ್ಕೊ. ಬರಲಿಲ್ಲಂದ್ರ ಬ್ಯಾಡ" ಅಂದಳು.

ಹುಡುಗ ರಾತ್ರಿ ಬಸ್ಸಿಗೆ ಬಂದ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಅಕ್ಕ ಕಟ್ಟಿಕೊಟ್ಟ ಶೇಂಗಾ ಹಿಂಡಿ, ಮತ್ತೆ ಒಂದು ನೋಟ್‌ಬುಕ್. ಆ ನೋಟ್‌ಬುಕ್ ನೋಡಿದಾಗ ನನಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಲೆಕ್ಕಗಳೆಲ್ಲ ಅರ್ಧಕ್ಕೆ ನಿಂತಿದ್ದವು. ಸಮೀಕರಣ ಸರಿಯಾಗಿಯೇ ಶುರುವಾಗಿದೆ, ನಾಲ್ಕೈದು ಸಾಲು ನಡೆದಿದೆ, ಆಮೇಲೆ ಅಡ್ಡಗೆರೆ. ಮತ್ತೆ ಮೊದಲಿಂದ, ಮತ್ತೆ ಅಡ್ಡಗೆರೆ. ಒಂದೇ ಲೆಕ್ಕವನ್ನು ಮೂರು ಪುಟ ಹೀಗೆ ಮಾಡಿದ್ದ. ಗೆರೆ ಹೊಡೆದ ಜಾಗಗಳನ್ನೆಲ್ಲ ನೋಡುತ್ತಾ ಹೋದೆ. ಉತ್ತರದಲ್ಲಿ ಮೈನಸ್ ಚಿಹ್ನೆ ಎಲ್ಲಿ ಬಂದಿದೆಯೋ ಅಲ್ಲೇ ಗೆರೆ ಬಿದ್ದಿತ್ತು.

"ಯಾಕ ಹೊಡದೀ ಇದನ್ನ?"

"ಮೈನಸ್ ಬಂತ್ರೀ ಮಾಮಾ. ಕರೆಂಟ್ ಮೈನಸ್ ಹ್ಯಾಂಗ ಬರ್ತೈತ್ರಿ? ಎಲ್ಲೋ ತಪ್ಪಾಗೇತಿ ಅಂತ ಹೊಡದೆ."

ಹೊಡೆದು ಹಾಕಿದ ಉತ್ತರಗಳಲ್ಲಿ ಹೆಚ್ಚಿನವು ಸರಿಯಾಗಿದ್ದವು.

ಮೊದಲು ಭಾಷೆಯ ವಿಷಯ ಹೇಳಬೇಕು, ಏಕೆಂದರೆ ಹುಡುಗ ಸಿಕ್ಕಿಬಿದ್ದದ್ದು ಅಲ್ಲೇ. ಅವನ ಪುಸ್ತಕದಲ್ಲಿ ಕಿರ್ಚಾಫನ ವೋಲ್ಟೇಜ್ ನಿಯಮ ಒಂದು ಸಾಲಿನಲ್ಲಿದೆ: ಯಾವುದೇ ಕ್ಲೋಸ್ಡ್ ಲೂಪಿನಲ್ಲಿ ವೋಲ್ಟೇಜುಗಳ ಆಲ್ಜಿಬ್ರಾಯಿಕ್ ಸಮ್ ಸೊನ್ನೆ. ಅವನು ಅದನ್ನು ಬಾಯಿಪಾಠ ಮಾಡಿದ್ದ. ಆಲ್ಜಿಬ್ರಾಯಿಕ್ ಅಂದರೆ ಎಕ್ಸ್, ವೈ ಹಾಕಿ ಮಾಡುವ ಲೆಕ್ಕ ಎಂದುಕೊಂಡಿದ್ದ. ಕನ್ನಡದಲ್ಲಿ ಇದಕ್ಕೆ 'ಬೈಜಿಕ ಮೊತ್ತ' ಎಂಬ ಪದವಿದೆ. ಹೇಳಿ ನೋಡಿದೆ, ಅವನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಬೈಜಿಕ ಅನ್ನುವ ಬದಲು ಚೀನೀ ಭಾಷೆಯಲ್ಲಿ ಹೇಳಿದ್ದರೂ ಅಷ್ಟೇ ಇತ್ತು. ಕನ್ನಡದಲ್ಲಿ ವಿಜ್ಞಾನ ಬೇಕು ಎಂದು ನಾವು ಹೊರನಾಡಿನಲ್ಲಿ ಕೂತು ಭಾಷಣ ಮಾಡುವಾಗ ಪದಕೋಶದ ಮಾತೇ ಹೆಚ್ಚು ಬರುತ್ತದೆ. ಪದ ಇಂಗ್ಲಿಷಿನದೇ ಇರಲಿ ಬಿಡಿ. ಲೂಪು, ವೋಲ್ಟೇಜು, ಕರೆಂಟು ಈಗ ಬೈಲಹೊಂಗಲದ ಸಂತೆಯ ಮಾತು. ಬೇಕಾಗಿರುವುದು ಕನ್ನಡದ ವಾಕ್ಯ. 'ಏರಿದ್ದನ್ನು ಕೂಡಿಸು, ಇಳಿದದ್ದನ್ನು ಕಳೆ' ಅಂದರೆ ಆಲ್ಜಿಬ್ರಾಯಿಕ್ ಸಮ್ ಮುಗಿಯಿತು.

ಏರಿಳಿತಕ್ಕೆ ಪುಣೆಯಲ್ಲಿ ಒಳ್ಳೆಯ ಉದಾಹರಣೆ ಇದೆ, ಪರ್ವತಿ ಗುಡ್ಡ. ಭಾನುವಾರ ಬೆಳಿಗ್ಗೆ ಅವನನ್ನು ಕರೆದುಕೊಂಡು ಹತ್ತಿದೆ. ಮೆಟ್ಟಿಲು ಹತ್ತಿ ದೇವಸ್ಥಾನಕ್ಕೆ ಹೋಗು, ಅಡ್ಡಾಡು, ಕಟ್ಟೆ ಏರು, ಇಳಿ, ಬೇಕಿದ್ದರೆ ಬೇರೆ ದಾರಿಯಿಂದ ಕೆಳಗೆ ಬಾ. ಹೊರಟ ಜಾಗಕ್ಕೇ ಮರಳಿ ಬಂದರೆ ನೀನು ಏರಿದ್ದೆಷ್ಟೋ ಇಳಿದದ್ದೂ ಅಷ್ಟೇ. ನಡುವೆ ಎಷ್ಟು ಸಲ ಹತ್ತಿಳಿದೆ ಅನ್ನುವುದು ಮುಖ್ಯವಲ್ಲ. ಒಂದು ಜಾಗಕ್ಕೆ ಎರಡು ಎತ್ತರ ಇರಲಾರದು, ಅಷ್ಟೇ ಕಾರಣ. ಸರ್ಕ್ಯೂಟಿನಲ್ಲಿ ವೋಲ್ಟೇಜು ಅಂದರೆ ಆ ಎತ್ತರ. ಬ್ಯಾಟರಿಯ ಮೈನಸ್‌ನಿಂದ ಪ್ಲಸ್‌ಗೆ ದಾಟಿದರೆ ಏರಿದಂತೆ. ರೆಸಿಸ್ಟರಿನಲ್ಲಿ ಕರೆಂಟ್ ಹೋಗುವ ದಿಕ್ಕಿನಲ್ಲೇ ನೀನೂ ದಾಟಿದರೆ ಇಳಿದಂತೆ, ಇಳಿತ ಎಷ್ಟು ಅಂದರೆ ಕರೆಂಟನ್ನು ರೆಸಿಸ್ಟೆನ್ಸಿನಿಂದ ಗುಣಿಸಿದಷ್ಟು. ಕರೆಂಟಿಗೆ ಎದುರಾಗಿ ದಾಟಿದರೆ ಹೊಳೆಗೆ ಎದುರು ನಡೆದಂತೆ, ಏರುತ್ತೀಯ. ಕರೆಂಟಿನದು ಇನ್ನೊಂದು ನಿಯಮ: ಮೂರು ವೈರು ಕೂಡುವ ಜಾಗಕ್ಕೆ ಬಂದದ್ದೆಷ್ಟೋ ಹೋದದ್ದೂ ಅಷ್ಟು. ಈ ಎರಡು ಮಾತು, ಜೊತೆಗೆ ಓಮ್‌ನ ನಿಯಮ. ಅವನ ಪುಸ್ತಕದ ಆ ಅಧ್ಯಾಯದಲ್ಲಿ ಇದಕ್ಕಿಂತ ಹೆಚ್ಚಿನದು ಏನೂ ಇಲ್ಲ. ಉಳಿದದ್ದು ಲೆಕ್ಕಪತ್ರ.

ಗುಸ್ತಾವ್ ಕಿರ್ಚಾಫ್ ಇದನ್ನು ಬರೆದದ್ದು 1845ರಲ್ಲಿ. ಆಗ ಅವನಿಗೆ 21 ವರ್ಷ, ಕೋನಿಗ್ಸ್‌ಬರ್ಗ್ ಊರಿನ ವಿಶ್ವವಿದ್ಯಾಲಯದಲ್ಲಿ ಇನ್ನೂ ವಿದ್ಯಾರ್ಥಿ. ದುಂಡಗಿನ ಲೋಹದ ಹಾಳೆಯಲ್ಲಿ ವಿದ್ಯುತ್ತು ಹೇಗೆ ಹರಡುತ್ತದೆ ಎಂಬುದರ ಮೇಲಿನ ಲೇಖನವೊಂದರ ಜೊತೆಗೆ ಈ ನಿಯಮಗಳು ಬಂದವು. ಹುಡುಗನಿಗೆ ಈ ವಯಸ್ಸಿನ ವಿಷಯ ಹೇಳಿದೆ. "ನನಗಿಂತ ಮೂರು ವರ್ಷ ದೊಡ್ಡಾವ" ಅಂದ, ಸ್ವಲ್ಪ ಹೊತ್ತು ಸುಮ್ಮನಿದ್ದ. ಹೆದರಿದನೋ ಸಮಾಧಾನವಾಯಿತೋ ಗೊತ್ತಾಗಲಿಲ್ಲ.

ಪುಸ್ತಕದ ಲೆಕ್ಕಗಳಲ್ಲಿ ಬರೀ ಬ್ಯಾಟರಿ, ಬರೀ ರೆಸಿಸ್ಟರು. ಅವು ಯಾವುದರ ಬ್ಯಾಟರಿ, ಯಾಕೆ ಹಾಗೆ ಜೋಡಿಸಿದ್ದಾರೆ ಅನ್ನುವುದಕ್ಕೆ ಉತ್ತರವಿಲ್ಲ. ಅದಕ್ಕೆ ಅವನ ಅಪ್ಪನ ಅಂಗಡಿಯಿಂದಲೇ ಒಂದು ಲೆಕ್ಕ ತೆಗೆದೆ. ಟ್ರ್ಯಾಕ್ಟರಿನ ಡೈನಮೊ, ಬ್ಯಾಟರಿ, ಹೆಡ್‌ಲೈಟು. ರೆಗ್ಯುಲೇಟರ್ ಇತ್ಯಾದಿ ಬಿಟ್ಟು ಸುಲಭ ಮಾಡಿಕೊಂಡದ್ದು. ನಿಮ್ಮ ಕೈಯಲ್ಲೂ ಕಾಗದ ಪೆನ್ಸಿಲ್ ಇದ್ದರೆ ಬರೆದುಕೊಳ್ಳಿ. ಮೇಲೊಂದು ಅಡ್ಡಗೆರೆ, ಕೆಳಗೊಂದು ಅಡ್ಡಗೆರೆ, ಎರಡನ್ನೂ ಸೇರಿಸುವ ಮೂರು ಕಂಬ. ಎಡಗಂಬದಲ್ಲಿ ಡೈನಮೊ: 14 ವೋಲ್ಟ್, ಅದರ ಮತ್ತು ವೈರಿನ ರೆಸಿಸ್ಟೆನ್ಸ್ 0.2 ಓಮ್. ಬಲಗಂಬದಲ್ಲಿ ಬ್ಯಾಟರಿ: 12 ವೋಲ್ಟ್, 0.1 ಓಮ್. ಎರಡರ ಪ್ಲಸ್ಸೂ ಮೇಲಕ್ಕೆ. ನಡುಗಂಬದಲ್ಲಿ ಲೈಟು: 5 ಓಮ್. ನೋಡಿದರೆ ಎರಡು ಬಾಗಿಲಿನ ಕಿಟಕಿಯ ಹಾಗಿರುತ್ತದೆ. ಪ್ರಶ್ನೆ: ಯಾವ ಕಂಬದಲ್ಲಿ ಎಷ್ಟು ಕರೆಂಟು?

ಇಲ್ಲಿ ಸರಣಿ, ಸಮಾಂತರ ಎಂದು ರೆಸಿಸ್ಟರುಗಳನ್ನು ಕೂಡಿಸಿ ಚಿಕ್ಕದು ಮಾಡುವ ಎಸ್ಸೆಸ್ಸೆಲ್ಸಿ ಉಪಾಯ ನಡೆಯುವುದಿಲ್ಲ. ಎರಡು ಕಡೆಯಿಂದ ತಳ್ಳುವವರಿದ್ದಾರೆ. ಅದಕ್ಕೇ ಕಿರ್ಚಾಫ್ ಬೇಕು.

"ಕರೆಂಟ್ ಯಾವ ಕಡೆ ಹೊಂಟೈತಿ ಅಂತ ಮೊದಲ ಗೊತ್ತಾಗಬೇಕಲ್ರಿ ಬಾಣ ಹಾಕಾಕ?" ಅಂದ. ಎರಡು ವರ್ಷದಿಂದ ಅವನನ್ನು ನಿಲ್ಲಿಸಿದ್ದ ಪ್ರಶ್ನೆ ಇದೇ. ದಿಕ್ಕು ಗೊತ್ತಿಲ್ಲದೆ ಬಾಣ ಹಾಕುವಂತಿಲ್ಲ, ಲೆಕ್ಕ ಮಾಡದೆ ದಿಕ್ಕು ಗೊತ್ತಾಗುವುದಿಲ್ಲ. ಅವನ ತರಗತಿಯಲ್ಲಿ ಮೇಷ್ಟ್ರು 'ಅಸ್ಯೂಮ್ ಎನಿ ಡೈರೆಕ್ಷನ್' ಎಂದು ಹೇಳಿ ಮುಂದೆ ಹೋಗಿದ್ದರಂತೆ. ಪರೀಕ್ಷೆಯಲ್ಲಿ ಏನನ್ನಾದರೂ ಊಹಿಸಿ ಬರೆಯಬಹುದು ಎಂಬುದನ್ನು ನಂಬುವ ಧೈರ್ಯ ನಮ್ಮ ಹುಡುಗರಿಗೆ ಯಾರೂ ಕಲಿಸಿರುವುದಿಲ್ಲ.

ಬಾಣ ಹಾಕಿದೆವು. ಡೈನಮೊದಿಂದ ಮೇಲಕ್ಕೆ ಹೋಗುವ ಕರೆಂಟಿಗೆ 'ಅ', ಬ್ಯಾಟರಿಯಿಂದ ಮೇಲಕ್ಕೆ ಹೋಗುವುದಕ್ಕೆ 'ಬ'. ಇಬ್ಬರೂ ಸೇರಿ ಲೈಟಿಗೆ ಕೊಡುತ್ತಾರೆ ಎಂದು ಊಹೆ, ಆದ್ದರಿಂದ ಲೈಟಿನಲ್ಲಿ ಕೆಳಗೆ ಇಳಿಯುವುದು ಅ + ಬ. ಈಗ ಎಡಗಿಟಕಿಯನ್ನು ಒಂದು ಸುತ್ತು ಹಾಕಬೇಕು. ಕೆಳಗಿಂದ ಡೈನಮೊ ಹತ್ತಿ, ಮೇಲಿನ ಗೆರೆಯಲ್ಲಿ ಸಾಗಿ, ಲೈಟಿನಲ್ಲಿ ಇಳಿದು ಬಂದರೆ:

14 − 0.2 ಅ − 5 (ಅ + ಬ) = 0

ಬಲಗಿಟಕಿಯನ್ನೂ ಹಾಗೆಯೇ, ಬ್ಯಾಟರಿ ಹತ್ತಿ ಲೈಟಿನಲ್ಲಿ ಇಳಿದು:

12 − 0.1 ಬ − 5 (ಅ + ಬ) = 0

ಎರಡು ಗೊತ್ತಿಲ್ಲದ ಸಂಖ್ಯೆ, ಎರಡು ಸಮೀಕರಣ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಲೈಟಿನ ಭಾಗ ಹೊರಟುಹೋಗಿ 2 − 0.2 ಅ + 0.1 ಬ = 0 ಉಳಿಯುತ್ತದೆ. ಅಂದರೆ ಬ = 2 ಅ − 20. ಇದನ್ನು ಮೊದಲನೆಯದಕ್ಕೆ ಹಾಕಿದರೆ 114 = 15.2 ಅ. ಹಾಗಾಗಿ ಅ = 7.5 ಆಂಪಿಯರ್. ಆಮೇಲೆ ಬ = 15 − 20.

ಮೈನಸ್ 5. ಹುಡುಗನ ಪೆನ್ಸಿಲ್ ಅಡ್ಡಗೆರೆಗೆ ಸಿದ್ಧವಾಯಿತು. "ಹೊಡೀಬ್ಯಾಡ, ಓದು" ಅಂದೆ. "ನಾವು ಏನ ಅಂತ ಊಹೆ ಮಾಡಿದ್ವಿ? ಬ್ಯಾಟರಿ ಕರೆಂಟ್ ಕೊಡ್ತೈತಿ ಅಂತ. ಉತ್ತರ ಏನ ಹೇಳ್ತೈತಿ?"

ಅವನು ಕಾಗದವನ್ನೇ ನೋಡುತ್ತಾ ಕೂತ. ನನ್ನ ಹೆಂಡತಿ ಚಹಾ ತಂದಿಟ್ಟು ಹೋದಳು, ಆರಿತು. ಆಮೇಲೆ ನಿಧಾನವಾಗಿ ಅಂದ: "ಕೊಡವಲ್ದು... ತಗೋಳಾಕತ್ತೇತಿ. ಚಾರ್ಜ್ ಆಗಾಕತ್ತೇತಿ!"

ಡೈನಮೊ 7.5 ಆಂಪಿಯರ್ ಕೊಡುತ್ತಿದೆ. ಅದರಲ್ಲಿ 2.5 ಲೈಟಿಗೆ, 5 ಬ್ಯಾಟರಿಗೆ. ಅವನ ಅಪ್ಪನ ಅಂಗಡಿಯಲ್ಲಿ ದಿನವೂ ನಡೆಯುವುದೇ ಇದು. ನಮ್ಮ ಬಾಣ ಉಲ್ಟಾ ಇತ್ತು, ಲೆಕ್ಕ ಅದನ್ನು ಒಂದು ಚಿಹ್ನೆಯಲ್ಲಿ ಹೇಳಿತು. ಬಾಣ ತಿದ್ದಬೇಕಾಗಿಲ್ಲ, ಮೊದಲಿಂದ ಮಾಡಬೇಕಾಗಿಲ್ಲ. ಒಂದು ಸಲ ಹಾಕಿದ ಬಾಣವನ್ನು ಲೆಕ್ಕ ಮುಗಿಯುವವರೆಗೆ ಬದಲಿಸಬಾರದು, ಅದೊಂದೇ ಷರತ್ತು. ತಾಳೆ ನೋಡುವುದೂ ಸುಲಭ: 14ರಿಂದ 1.5 ಇಳಿದು 12.5, ಲೈಟಿನಲ್ಲಿ 2.5 ಗುಣಿಸು 5, ಅದೂ 12.5. ಬಲಗಡೆಯಿಂದ ಬಂದರೆ ಬ್ಯಾಟರಿಯ 12ಕ್ಕೆ 0.5 ಕೂಡಿ 12.5. ಚಾರ್ಜ್ ಆಗುವಾಗ ಬ್ಯಾಟರಿಯ ತುದಿಯಲ್ಲಿ ಮೀಟರು 12ಕ್ಕಿಂತ ಹೆಚ್ಚು ತೋರಿಸುತ್ತದೆ ಎಂಬುದು ಭಾವನಿಗೆ ಗೊತ್ತೇ ಇದೆ, ಈ 0.5 ಅದೇ.

ನಾನು ಹಿಂಜೆವಾಡಿಯಲ್ಲಿ ಮಾಡುವ ಕೆಲಸವೂ ಇಂಥದ್ದೇ, ಬ್ಯಾಂಕುಗಳ ಖಾತೆ ತಾಳೆ ನೋಡುವ ಸಾಫ್ಟ್‌ವೇರು. ಅಲ್ಲಿ ಹಣ ಎಲ್ಲೆಲ್ಲೋ ಸುತ್ತಿ ಬಂದರೂ ಕೊನೆಗೆ ಮೊತ್ತ ಸೊನ್ನೆಯಾಗಬೇಕು. ಆಗದಿದ್ದರೆ ರಾತ್ರಿ ಎರಡು ಗಂಟೆಗೆ ನನಗೆ ಫೋನು ಬರುತ್ತದೆ. ಅಲ್ಲಿ ಮೈನಸ್ ಕಂಡರೆ ಯಾರೂ ಅಳಿಸುವುದಿಲ್ಲ. ಮೈನಸ್ ಅಂದರೆ ಕೊಡಬೇಕಾದ್ದು, ಅಷ್ಟೇ.

ಮರುದಿನ ಹುಡುಗ ತಾನೇ ಒಂದು ತಕರಾರು ತಂದ. ಅದು ನನಗೆ ಬಹಳ ಸೇರಿತು. ಹಳೆಯ ಟ್ರ್ಯಾಕ್ಟರುಗಳ ಡ್ಯಾಶ್‌ಬೋರ್ಡಿನಲ್ಲಿ ಒಂದು ಆಂಪಿಯರ್ ಮೀಟರ್ ಇರುತ್ತದೆ, ನೋಡಿರಬಹುದು. ಸೊನ್ನೆ ನಡುವೆ, ಎಡಕ್ಕೆ ಮೈನಸ್, ಬಲಕ್ಕೆ ಪ್ಲಸ್. ಎಂಜಿನ್ ಓಡುವಾಗ ಮುಳ್ಳು ಬಲಕ್ಕೆ ಹೋದರೆ ಬ್ಯಾಟರಿ ಚಾರ್ಜ್ ಆಗುತ್ತಿದೆ ಎಂದರ್ಥ. "ಮಾಮಾ, ಅಪ್ಪನ ಮೀಟರಿನಾಗ ಚಾರ್ಜ್ ಅಂದ್ರ ಪ್ಲಸ್. ನಮ್ಮ ಲೆಕ್ಕದಾಗ ಚಾರ್ಜ್ ಅಂದ್ರ ಮೈನಸ್. ಯಾವುದು ಖರೇರಿ?"

ಎರಡೂ ಖರೆ. ಮೀಟರ್ ಮಾಡಿದವನು ಬಾಣವನ್ನು ಬ್ಯಾಟರಿಯ ಒಳಕ್ಕೆ ಹಾಕಿದ್ದಾನೆ, ನಾವು ಹೊರಕ್ಕೆ ಹಾಕಿದ್ದೆವು. ಇದನ್ನು ಬಾಯಲ್ಲಿ ಹೇಳುವ ಬದಲು ಅದೇ ಲೆಕ್ಕವನ್ನು ಇನ್ನೊಂದು ರೀತಿಯಲ್ಲಿ ಮಾಡಿಸಿದೆ. ಅವನ ಪುಸ್ತಕದಲ್ಲಿ 'ಮೆಶ್' ವಿಧಾನ ಎಂದಿರುವುದು ಇದೇ. ಕಂಬಕ್ಕೊಂದು ಕರೆಂಟು ಹಾಕುವ ಬದಲು ಕಿಟಕಿಗೊಂದು ಕರೆಂಟು. ಪ್ರತಿ ಕಿಟಕಿಯಲ್ಲೂ ಗಡಿಯಾರದ ಮುಳ್ಳಿನ ದಿಕ್ಕಿಗೆ ಒಂದು ಕರೆಂಟ್ ಸುತ್ತುತ್ತಿದೆ ಎಂದುಕೊಳ್ಳುವುದು. ಎರಡು ಕಿಟಕಿಗೆ ಸೇರಿದ ನಡುಗಂಬದಲ್ಲಿ ಎಡಗಿಟಕಿಯದು ಕೆಳಕ್ಕೆ, ಬಲಗಿಟಕಿಯದು ಮೇಲಕ್ಕೆ, ಆದ್ದರಿಂದ ಅಲ್ಲಿ ಒಂದರಲ್ಲಿ ಇನ್ನೊಂದನ್ನು ಕಳೆಯಬೇಕು. ಹೀಗೆ ಮಾಡಿದರೆ ಎಡಗಿಟಕಿಯ ಕರೆಂಟು 7.5, ಬಲಗಿಟಕಿಯದು 5. ಎರಡೂ ಪ್ಲಸ್! ಲೈಟಿನಲ್ಲಿ 7.5 − 5 = 2.5, ಮೊದಲಿನಷ್ಟೇ.

"ಮೈನಸ್ ಎಲ್ಲಿ ಹೋತ್ರಿ?" ಎಂದು ಕೇಳಿದ. ಆಮೇಲೆ ತಾನೇ ಚಿತ್ರದ ಮೇಲೆ ಬೆರಳಾಡಿಸಿದ. ಬಲಗಿಟಕಿಯಲ್ಲಿ ಗಡಿಯಾರದ ದಿಕ್ಕಿಗೆ ಸುತ್ತುವ ಕರೆಂಟು ಬ್ಯಾಟರಿಯ ಪ್ಲಸ್‌ನೊಳಗೆ ಹೋಗುತ್ತದೆ, ಅಂದರೆ ಈ ಬಾಣ ಮೀಟರಿನವನ ಬಾಣ. ಮೈನಸ್ಸು ಟ್ರ್ಯಾಕ್ಟರಿನಲ್ಲಿ ಇರಲಿಲ್ಲ, ಕಾಗದದ ಮೇಲೆ ಇತ್ತು. ಅವತ್ತು ರಾತ್ರಿ ಅವನು ನೋಟ್‌ಬುಕ್ಕಿನ ಹಳೆಯ ಪುಟಗಳನ್ನು ತೆಗೆದು, ಅಡ್ಡಗೆರೆ ಹೊಡೆದಿದ್ದ ಉತ್ತರಗಳ ಪಕ್ಕದಲ್ಲಿ ಒಂದೊಂದಾಗಿ ಟಿಕ್ ಹಾಕುತ್ತಾ ಕೂತಿದ್ದ.

ಬೇಕಿದ್ದವರು ಇದೇ ಲೆಕ್ಕದಲ್ಲಿ ಲೈಟಿನ ಬದಲು 1.2 ಓಮ್ ಹಾಕಿ ನೋಡಿ. ಎರಡು ಹೆಡ್‌ಲೈಟು, ಹಿಂದಿನ ಲೈಟು ಎಲ್ಲ ಹಾಕಿದಂತೆ ಎಂದುಕೊಳ್ಳಿ. ಡೈನಮೊ 10 ಆಂಪಿಯರ್ ಕೊಡುತ್ತದೆ, ಬ್ಯಾಟರಿಯದು ಸರಿಯಾಗಿ ಸೊನ್ನೆ. ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಇನ್ನೂ ಲೋಡ್ ಹೆಚ್ಚಿಸಿದರೆ ಬ್ಯಾಟರಿ ಕೊಡಲು ಶುರುಮಾಡುತ್ತದೆ, ಬ ಪ್ಲಸ್ ಆಗುತ್ತದೆ. ಬಾಣವನ್ನು ಮುಟ್ಟದೆಯೇ ಒಂದೇ ಸಮೀಕರಣ ಮೂರೂ ಸ್ಥಿತಿಗಳನ್ನು ಹೇಳುತ್ತದೆ.

ಲೂಪುಗಳು ಹೆಚ್ಚಾದಾಗ ಬರುವ ಗೊಂದಲ ಬೇರೆ: ಎಷ್ಟು ಸುತ್ತು ಹಾಕಬೇಕು? ನಮ್ಮ ಚಿತ್ರದಲ್ಲೇ ಮೂರನೆಯ ಸುತ್ತೊಂದಿದೆ, ಹೊರಗಿನ ಚೌಕಟ್ಟಿನದು. ಹುಡುಗ ಅದಕ್ಕೂ ಸಮೀಕರಣ ಬರೆದ. ಹಾಳೆ ತುಂಬಿತು, ಆದರೆ ಹೊಸದು ಏನೂ ಸಿಗಲಿಲ್ಲ. ಅದು ಮೊದಲೆರಡನ್ನು ಕಳೆದಾಗ ಬಂದ ಸಾಲೇ ಆಗಿತ್ತು. ಎಷ್ಟು ಸುತ್ತು ನಿಜವಾಗಿ ಬೇಕು ಎಂಬ ಲೆಕ್ಕವನ್ನೂ ಕಿರ್ಚಾಫನೇ 1847ರಲ್ಲಿ ಕೊಟ್ಟ: ಕವಲುಗಳ ಸಂಖ್ಯೆಯಿಂದ ಕೂಡುಜಾಗಗಳ ಸಂಖ್ಯೆ ಕಳೆದು ಒಂದು ಕೂಡಿಸು. ನಮ್ಮಲ್ಲಿ ಕವಲು 3, ಕೂಡುಜಾಗ 2, ಆದ್ದರಿಂದ ಸುತ್ತು 2. ಪರೀಕ್ಷೆಗೆ ಮತ್ತೆ ಮತ್ತೆ ಬರುವ ವೀಟ್‌ಸ್ಟೋನ್ ಬ್ರಿಜ್‌ನಲ್ಲಿ ಬ್ಯಾಟರಿಯೂ ಸೇರಿ ಕವಲು 6, ಕೂಡುಜಾಗ 4, ಸುತ್ತು 3. ಏಳು ಸೇತುವೆಗಳ ಒಗಟನ್ನು ಆಯ್ಲರ್ 1736ರಲ್ಲಿ ಬಿಡಿಸಿದನಲ್ಲ, ಚುಕ್ಕಿ ಗೆರೆಗಳ ಗಣಿತ ಹುಟ್ಟಿದ್ದು ಅಲ್ಲಿಂದ ಅನ್ನುತ್ತಾರಲ್ಲ, ಆ ಸೇತುವೆಗಳಿದ್ದದ್ದೂ ಇದೇ ಕೋನಿಗ್ಸ್‌ಬರ್ಗಿನಲ್ಲಿ. ಊರು ಈಗ ರಷ್ಯಾದಲ್ಲಿದೆ, ಹೆಸರು ಕಲಿನಿನ್‌ಗ್ರಾದ್. ಕಿರ್ಚಾಫ್ ಹುಟ್ಟಿದ್ದೂ ಅಲ್ಲೇ. ಊರಿನ ನೀರಿನಲ್ಲೇ ಏನೋ ಇತ್ತು ಎಂದು ನಾನಂದೆ. "ನಮ್ಮೂರ ನೀರು ಬರೇ ಸವಳ" ಎಂದು ಹುಡುಗ ನಕ್ಕ. ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ಆರನೆಯ ದಿನ ಇರಬೇಕು, ಅವನೇ ಒಂದು ಕತೆ ಹೇಳಿದ. ಊರಿನಲ್ಲಿ ಒಂದು ಟ್ರ್ಯಾಕ್ಟರ್ ಸೆಲ್ಫ್ ತಿರುಗುತ್ತಿರಲಿಲ್ಲ. ಯಾರೋ ಹೊಸ ಬ್ಯಾಟರಿ ಹಾಕಿಸಿದ್ದರು, ಆದರೂ ಟಕ್ ಟಕ್ ಅನ್ನುತ್ತಿತ್ತು. ಅವನ ಅಪ್ಪ ಒಬ್ಬರಿಗೆ ಚಾವಿ ತಿರುಗಿಸಲು ಹೇಳಿ, ಸೆಲ್ಫ್ ಎಳೆಯುತ್ತಿರುವಾಗಲೇ ಮೀಟರ್ ಹಿಡಿದರು. ಬ್ಯಾಟರಿಯ ಎರಡು ಪೋಸ್ಟುಗಳ ನಡುವೆ 10.6 ವೋಲ್ಟ್. ಸೆಲ್ಫಿನ ಮೇಲೆ 8.1. ಆಮೇಲೆ ಪ್ಲಸ್ ಕೇಬಲ್ಲಿನ ಈ ತುದಿಯಿಂದ ಆ ತುದಿಗೆ 0.3. ಕೊನೆಗೆ ಬ್ಯಾಟರಿಯ ಮೈನಸ್ ಪೋಸ್ಟಿನಿಂದ ಎಂಜಿನ್ ಬಾಡಿಗೆ 2.2. ಅಲ್ಲಿಗೆ ಸಾಕು ಎಂದು ಮೀಟರ್ ಎತ್ತಿಟ್ಟು, ಅರ್ಥಿಂಗಿನ ಕ್ಲಾಂಪ್ ಬಿಚ್ಚಿ, ಬಿಳಿಯ ಪುಡಿ ಕಟ್ಟಿದ್ದನ್ನು ಬಿಸಿನೀರು ಹಾಕಿ, ಪಾಲಿಶ್ ಪೇಪರಿನಲ್ಲಿ ಉಜ್ಜಿ ಮತ್ತೆ ಬಿಗಿದರಂತೆ. ಗಾಡಿ ಒಂದೇ ಸಲಕ್ಕೆ ಎದ್ದಿತು.

"ಮಾಮಾ, ಅಪ್ಪ ಮಾಡಿದ್ದು ಇದ ಅಲ್ರೀ?" ಎಂದು ಕೇಳಿ ಅಂಕಿಗಳನ್ನು ತಾನೇ ಕೂಡಿಸಿದ. 8.1, 0.3, 2.2. ಕೂಡಿಸಿದರೆ 10.6.

ಭಾವ ಓದಿದ್ದು ಒಂಬತ್ತನೆಯ ತರಗತಿ. ಕಿರ್ಚಾಫನ ಹೆಸರು ಕೇಳಿದವರಲ್ಲ. ಕಳೆದುಹೋದ ವೋಲ್ಟೇಜು ಆ ಸುತ್ತಿನಲ್ಲೇ ಎಲ್ಲೋ ಇರಲೇಬೇಕು ಎಂದು ಅವರಿಗೆ ಗೊತ್ತು. ಅದಕ್ಕೆ ಹುಡುಕುತ್ತಾರೆ, ಸಿಗುವವರೆಗೆ ಬಿಡುವುದಿಲ್ಲ. ಈ ಮಗ ಚಿಕ್ಕಂದಿನಿಂದ ಆ ಅಂಗಡಿಯಲ್ಲಿ ಪಾನಾ, ಇಕ್ಕಳ ಎತ್ತಿಕೊಡುತ್ತಾ ಬೆಳೆದವನು. ಎರಡು ವರ್ಷ ತರಗತಿಯಲ್ಲಿ ಕೂತಾಗ ಪುಸ್ತಕದ ಲೂಪಿಗೂ ಅರ್ಥಿಂಗಿನ ಕ್ಲಾಂಪಿಗೂ ಸಂಬಂಧವಿದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅಲ್ಲಿ. ಇಂಗ್ಲಿಷ್ ಬಾರದ್ದಕ್ಕೆ ಅವನು ಫೇಲಾದ ಎಂದು ಎಲ್ಲರೂ ಹೇಳುತ್ತಿದ್ದರು. ಇಂಗ್ಲಿಷಿನ ಪಾಲೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅವನಿಗೆ ಮೊದಲೇ ಗೊತ್ತಿದ್ದ ವಿದ್ಯೆಯನ್ನು ಹೊರಗಡೆ ಚಪ್ಪಲಿಯ ಜೊತೆ ಬಿಟ್ಟು ಬಾ ಎಂದಂತೆ ಪಾಠ ನಡೆದಿತ್ತು.

ಈ ಕಾಲದ ಹುಡುಗ, ಸಹಜವಾಗಿ ಆ್ಯಪ್ ವಿಷಯವೂ ಬಂತು. ಚಿತ್ರ ಬರೆದರೆ ಉತ್ತರ ಕೊಡುವ ಆ್ಯಪ್ ಇರುವಾಗ ಕೈಯಲ್ಲಿ ಯಾಕೆ ಮಾಡಬೇಕು? ಪ್ರಶ್ನೆ ಸರಿಯಾದದ್ದೇ. 1970ರ ದಶಕದಲ್ಲಿ ಬರ್ಕ್ಲಿಯಲ್ಲಿ ಬಂದ ಸ್ಪೈಸ್ ಎಂಬ ಪ್ರೋಗ್ರಾಂನಿಂದ ಹಿಡಿದು ಇವತ್ತಿನವರೆಗೆ ದೊಡ್ಡ ಸರ್ಕ್ಯೂಟುಗಳನ್ನು ಬಿಡಿಸುವುದು ಕಂಪ್ಯೂಟರೇ, ಅದೂ ಸುತ್ತು ಹಾಕುವುದಕ್ಕಿಂತ ಕೂಡುಜಾಗಗಳ ಲೆಕ್ಕ ಹಿಡಿದು. ನಾನೂ ಕೈಯಲ್ಲಿ ಮಾಡು ಎಂದು ಹಟ ಹಿಡಿಯುವವನಲ್ಲ. ಆದರೆ ಆ್ಯಪ್ ಕೂಡ ಮೈನಸ್ 5 ಎಂದೇ ತೋರಿಸುತ್ತದೆ. ಅದನ್ನು ಓದಲು ಬರದಿದ್ದರೆ ಮೊಬೈಲಿಗೆ ಅಡ್ಡಗೆರೆ ಹೊಡೆಯಲು ಆಗುವುದಿಲ್ಲ.

ನಿಯಮಕ್ಕೆ ಒಂದು ಎಲ್ಲೆಯೂ ಇದೆ. ಸುತ್ತಿನ ನಡುವೆ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಏರಿದ್ದೂ ಇಳಿದದ್ದೂ ಸಮವಾಗಬೇಕಿಲ್ಲ, ಒಂದೇ ಜಾಗಕ್ಕೆ ಮರಳಿದರೂ ಎತ್ತರ ಬೇರೆಯಾಗಬಹುದು. ಫ್ಯಾರಡೆ 1831ರಲ್ಲಿ ಕಂಡದ್ದು ಅದನ್ನೇ, ಡೈನಮೊ ಕೆಲಸ ಮಾಡುವುದೂ ಅದರಿಂದಲೇ. ನಾವು ಡೈನಮೊವನ್ನು ಒಂದು ಪೆಟ್ಟಿಗೆ ಎಂದುಕೊಂಡು, ಒಳಗಿನ ಗುಟ್ಟನ್ನು 14 ವೋಲ್ಟ್ ಎಂಬ ಒಂದು ಅಂಕಿಯಲ್ಲಿ ಮುಚ್ಚಿಟ್ಟು, ಹೊರಗೆ ಕಿರ್ಚಾಫನನ್ನು ನಡೆಸುತ್ತೇವೆ. ಇದನ್ನು ಹುಡುಗನಿಗೆ ಅವಸರದಲ್ಲಿ ಹೇಳಿದೆ. ಅವನ ಪರೀಕ್ಷೆಗೆ ಬೇಕಿರಲಿಲ್ಲ. ಆದರೂ ಬಸ್ಸಿಗೆ ಬಿಡಲು ಹೋಗುವಾಗ ದಾರಿಯಲ್ಲಿ ಅದನ್ನೇ ಎರಡು ಸಲ ಕೇಳಿದ.

ಪರೀಕ್ಷೆ ಬರೆದ. ಬ್ರಿಜ್ ಲೆಕ್ಕ ಬಂದಿತ್ತಂತೆ, ಮೂರು ಸಮೀಕರಣ, ಒಂದು ಉತ್ತರ ಮೈನಸ್. ಫಲಿತಾಂಶ ಇನ್ನೂ ಬಂದಿಲ್ಲ. ಅಕ್ಕ ದಿನಕ್ಕೊಮ್ಮೆ ನನಗೆ ಫೋನು ಮಾಡಿ, ಪುಣೆಯಲ್ಲಿ ಕೂತ ನನಗೆ ಮೊದಲು ಗೊತ್ತಾಗುತ್ತದೆ ಎನ್ನುವ ಹಾಗೆ, ಬಂತೇನು ಎಂದು ಕೇಳುತ್ತಾಳೆ.

ಈ ನಡುವೆ ಹುಡುಗ ಅಂಗಡಿಯಲ್ಲಿದ್ದಾನೆ. ಮೊನ್ನೆ ವಾಟ್ಸ್ಆ್ಯಪಿನಲ್ಲಿ ಒಂದು ಫೋಟೊ ಕಳಿಸಿದ್ದ. ಅಂಗಡಿಯ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮೂರು ಕಂಬದ ಕಿಟಕಿ. ಯಾರದೋ ಗಾಡಿಯಲ್ಲಿ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಬ್ಯಾಟರಿ ಇಳಿದಿರುತ್ತಿತ್ತು, ಲೈಟು ಪೂರ್ತಿ ಬಂದ್ ಇದ್ದರೂ. ಎಂಜಿನ್ ನಿಂತಾಗ ಮೀಟರ್ ಹಾಕಿ ಅಳೆದಿದ್ದಾನೆ. ಎಡಗಂಬದ ಪಕ್ಕದಲ್ಲಿ ಬಾಣ ಮೇಲಕ್ಕೇ ಇದೆ, ಅದರ ಮುಂದೆ ಮೈನಸ್ 0.4 ಎಂದು ಬರೆದಿದೆ. ಬ್ಯಾಟರಿಯಿಂದ ಕರೆಂಟು ಡೈನಮೊದೊಳಗೆ ಹಿಂದಕ್ಕೆ ಸೋರುತ್ತಿತ್ತು, ಡಯೋಡ್ ಹೋಗಿತ್ತು. ಫೋಟೊದ ಅಂಚಿನಲ್ಲಿ ಭಾವನ ಕಾಲು, ಹವಾಯಿ ಚಪ್ಪಲಿ ಕಾಣುತ್ತದೆ. ಕೆಳಗೆ ಹುಡುಗ ಬರೆದಿದ್ದ: "ಅಪ್ಪ ಇದನ್ನ ಅಳಸಬ್ಯಾಡ ಅಂದಾರ, ನಾಳೆ ಗಾಡಿಯವರಿಗೆ ತೋರಸ್ಬೇಕಂತ."